ಸರಕಾರಿ ಜಾಲಿಯೂ ಮಾವನ ಕೈಯೂ

ನನಗೆ ಕೂತಲ್ಲಿ ಕೂರಲು ಬರುವುದಿಲ್ಲ. ಈ ಒಂದು ಸಾಲು ಬರೆಯುವಷ್ಟರಲ್ಲೇ ಎರಡು ಸಲ ಎದ್ದು ಹೋಗಿ ಬಂದೆ. ಒಮ್ಮೆ ನೀರು ಕುಡಿಯಲು. ಇನ್ನೊಮ್ಮೆ ಯಾಕೆ ಎದ್ದೆ ಎಂಬುದು ಬಾಗಿಲು ಮುಟ್ಟುವಷ್ಟರಲ್ಲಿ ಮರೆತುಹೋಗಿತ್ತು.

ಇಳಕಲ್ಲಿನ ನೇಕಾರನ ಮನೆಯಲ್ಲಿ ಹುಟ್ಟಿದವನಿಗೆ ಇದಕ್ಕಿಂತ ದೊಡ್ಡ ಊನ ಬೇರೆ ಇಲ್ಲ. ನಮ್ಮದು ಕುಣಿಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತರೆ ನೇಕಾರ ಸೊಂಟದವರೆಗೂ ಭೂಮಿಯಲ್ಲಿ ನೆಟ್ಟ ಗಿಡದಂತೆ ಕಾಣುತ್ತಾನೆ. ಅಪ್ಪ ಬೆಳಿಗ್ಗೆ ತನ್ನನ್ನು ತಾನೇ ನೆಟ್ಟುಕೊಂಡರೆ ಊಟದ ಹೊತ್ತಿಗೆ ಕಿತ್ತುಕೊಳ್ಳುತ್ತಿದ್ದ. ನನ್ನನ್ನು ಇಳಿಸಿದರೆ ಲಾಳಿ ನಾಲ್ಕು ಸಲ ಆಚೀಚೆ ಓಡುವುದರೊಳಗೆ ಪಕ್ಕದ ಮಗ್ಗದ ಕಾಕಾ ನಶ್ಯ ಏರಿಸಿ ಹೇಗೆ ಸೀನುತ್ತಾನೆ ಎಂದು ತೋರಿಸುವ ಹುಕಿ ಬರುತ್ತಿತ್ತು. ಸೀನುತ್ತಿದ್ದೆ. ಹಾಸಿನ ಎಳೆಗಳು ಕಡಿಯುತ್ತಿದ್ದವು. ಕಾಕಾ ಬೈಯುತ್ತಿದ್ದ, ಅವನು ಬೈಯುವುದನ್ನೂ ಅವನ ಎದುರಿಗೇ ಮಾಡಿ ತೋರಿಸುತ್ತಿದ್ದೆ.

"ಯಾರ ಹೊಟ್ಟ್ಯಾಗ ಹುಟ್ಟೀದ್ಯೋ ನೀ? ಕುಂಡಿಗೆ ಮುಳ್ಳು ಚುಚ್ಚತಾವೇನು?" ಎಂದು ಅವ್ವ ಕೇಳುತ್ತಿದ್ದಳು.

ಮುಳ್ಳು ಮುಂದೆ ಬರಲಿತ್ತು. ಅದು ಅವ್ವನಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೊಂದನ್ನು ಅದು ಹೇಗೋ ಪಾಸು ಮಾಡಿದ್ದೆ. ಮೇಷ್ಟರ ನಕಲು ಮಾಡುತ್ತ ಮಾಡುತ್ತ ಪಾಠವೂ ಬಾಯಿಗೆ ಬಂದಿರಬೇಕು. ಆ ಬಲದ ಮೇಲೆ ಬಾದಾಮಿಯಲ್ಲಿ ಜಂಗಲ್ ಖಾತೆಯವರ ಸಸಿಮಡಿ ನೋಡಿಕೊಳ್ಳುವ ಕೆಲಸ ಸಿಕ್ಕಿತು. ಅಲ್ಲಿಯ ಸಾಹೇಬರು ಧಾರವಾಡ ಕಡೆಯಿಂದ ಬಂದವರು. ಕೆಂಪು ಕಲ್ಲಿನ ಬೋಳು ಗುಡ್ಡಗಳನ್ನೆಲ್ಲ ತಮ್ಮ ನೌಕರಿ ಮುಗಿಯುವುದರೊಳಗೆ ಹಸಿರು ಮಾಡಿಬಿಡಬೇಕೆಂಬುದು ಅವರ ಹಟ. ಅದಕ್ಕೆ ಅವರು ನಂಬಿದ್ದು ಕಚೇರಿಯ ಹಿಂದೆ ಬೆಳೆದಿದ್ದ ಒಂದು ಹೊಸ ಮುಳ್ಳುಗಿಡವನ್ನು. ಹಡಗಿನಲ್ಲಿ ಬಂದ ಬೀಜದ್ದಂತೆ. ಎಲೆ ನಮ್ಮ ಬನ್ನಿಯ ಹಾಗೆ, ಮುಳ್ಳು ನಮ್ಮ ಜಾಲಿಯ ಹಾಗೆ, ಹಳದಿ ಕಾಯಿ ಮಾತ್ರ ಬೆಲ್ಲದ ಹಾಗೆ ಸಿಹಿ. ಹೆಸರು ಯಾರಿಗೂ ಗೊತ್ತಿರಲಿಲ್ಲ. ಸರಕಾರದ ಕಂಪೌಂಡಿನಲ್ಲಿ ಬೆಳೆದದ್ದರಿಂದ ಜನ ಸರಕಾರಿ ಜಾಲಿ ಎಂದರು.

ಸಾಹೇಬರು ಪ್ರತಿ ಮಾತಿಗೂ ಮೊದಲು ಒಂದು ಕೆಮ್ಮು ಕೆಮ್ಮಿ, ಕೈ ಹಿಂದೆ ಕಟ್ಟಿ, ಸಸಿಗಳನ್ನು ಸಿಪಾಯಿಗಳಂತೆ ಎರಡೂ ಕಡೆ ನೋಡುತ್ತ ನಡೆಯುವವರು. ನಾನು ಬಿಟ್ಟೇನೆ? ಒಂದು ಮಧ್ಯಾಹ್ನ ನೀರು ಹಾಕುವ ಹೆಂಗಸರ ಮುಂದೆ ಕೆಮ್ಮಿ, ಕೈಕಟ್ಟಿ, ಹೊಟ್ಟೆ ಮುಂದೆ ಮಾಡಿ ಒಂದು ಸುತ್ತು ಹಾಕಿದೆ. ಹೆಂಗಸರು ನಗುತ್ತಿದ್ದವರು ಒಮ್ಮೆಲೇ ಸೆರಗು ಬಾಯಿಗಿಟ್ಟುಕೊಂಡರು. ಹಿಂದೆ ಕೆಮ್ಮಿನ ಸದ್ದು ಬಂತು. ಅದು ನನ್ನದಲ್ಲ.

"ಇನ್ನೊಮ್ಮೆ ಮಾಡು," ಎಂದರು ಸಾಹೇಬರು.

ಮಾಡಿದೆ. ಅವರು ಪೂರ್ತಿ ನೋಡಿದರು.

"ನನ್ನ ಹೊಟ್ಟಿ ಅಷ್ಟು ಮುಂದಿಲ್ಲೋ," ಎಂದರು. ಆಮೇಲೆ, "ನೋಡು ತಮ್ಮಾ, ಸಸಿಮಡಿ ಅಂದ್ರ ಕಾಯೂ ಕೆಲಸ. ನೀ ಕಾಯೂ ಮನುಷ್ಯಾ ಅಲ್ಲ. ನಾಳಿಂದ ಬರಬ್ಯಾಡ." ಸಿಟ್ಟು ಮಾತ್ರ ಇರಲಿಲ್ಲ. ನಮ್ಮ ಮಾವನ ಮನೆ ಒಕ್ಕಲುತನದ್ದೆಂದು ಯಾವಾಗಲೋ ಹೇಳಿದ್ದು ನೆನಪಿಟ್ಟು, ಬೇಲಿಗೆ ಹಚ್ಚಲಿ ಎಂದು ಜಾಲಿಕಾಯಿಯ ಒಂದು ಗೋಣಿಚೀಲ ತುಂಬಿಸಿ ಕೊಟ್ಟರು.

ಹೀಗೆ ಕೆಲಸ ಹೋಗಿ ಕಾಯಿ ಬಂತು. ಬಾಗಲಕೋಟೆಯವರೆಗೆ ರೈಲು, ಅಲ್ಲಿಂದ ಸಿಕ್ಕಿದವರ ಚಕ್ಕಡಿ. ಚೀಲದೊಳಗೆ ಏನೆಂದು ಕೇಳಿದವರಿಗೆಲ್ಲ ಒಂದೊಂದು ಉತ್ತರ ಕೊಟ್ಟೆ. ಅಮೀನಗಡ ದಾಟುವಾಗ ಚಕ್ಕಡಿಯ ಎತ್ತೇ ತಿರುಗಿ ಚೀಲಕ್ಕೆ ಮೂತಿ ಹಚ್ಚಿತು. ಆ ಸಿಹಿ ವಾಸನೆ ದನಕರುಗಳಿಗೆ ಹುಚ್ಚು ಹಿಡಿಸುವಂಥದ್ದು. ಅದನ್ನು ಆಗಲೇ ಸ್ವಲ್ಪ ಯೋಚಿಸಬೇಕಿತ್ತು. ಆದರೆ ನಾನು ಎತ್ತು ಮೂಸುವುದನ್ನು ಮೂಸಿ ತೋರಿಸುವುದರಲ್ಲಿದ್ದೆ.

ಮಾವ ಎಂದರೆ ಅವ್ವನ ಅಣ್ಣ, ರಾಮಥಾಳದ ಹತ್ತಿರದ ಊರಿನವರು. ಎತ್ತರದ ಆಳು, ಮಾತು ಕಮ್ಮಿ. ಊರಿನಲ್ಲಿ ಅವರ ಕೈಗುಣಕ್ಕೆ ದೊಡ್ಡ ಹೆಸರು. ಮಿರಗದ ಮಳೆ, ಅಂದರೆ ಮೃಗಶಿರೆ, ಬಿದ್ದು ಬಿತ್ತಿಗೆ ಶುರುವಾಗುವ ದಿನ ಎಲ್ಲರೂ ಮೊದಲು ಮಾವನ ಬಾಗಿಲಿಗೆ ಬರುವರು. ಮಾವ ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಹೋಗಿ, ಊರಿನ ಮೊದಲ ಕೂರಿಗೆಯ ಬಟ್ಟಲಿಗೆ ತಮ್ಮ ಕೈಯಿಂದ ಒಂದು ಹಿಡಿ ಬೀಜ ಬಿಡಬೇಕು. ಆಮೇಲೆಯೇ ಉಳಿದವರು ಬಿತ್ತುವುದು. ಅವರ ಕೈಯಿಂದ ಬಿದ್ದದ್ದು ಕಲ್ಲಿನ ಮೇಲೂ ಏಳುತ್ತದೆ ಎಂದು ಜನ ಹೇಳುತ್ತಿದ್ದರು. ಇಡೀ ತಾಲೂಕಿನಲ್ಲಿ ನಾನು ಯಾರನ್ನಾದರೂ ನಕಲು ಮಾಡದೆ ಬಿಟ್ಟಿದ್ದರೆ ಅದು ಮಾವನನ್ನು. ಧೈರ್ಯ ಬಂದಿರಲಿಲ್ಲ.

ಅವರ ಮಗಳನ್ನು ನನಗೆ ಕೊಡುವುದೆಂದು ಅವ್ವ ಮತ್ತು ಮಾವ ಎಂದೋ ಮಾತಾಡಿಕೊಂಡಿದ್ದರು. ನಾನು ಒಂದು ಕಡೆ ನಿಂತು ದುಡಿಯಲಿ ಎಂದು ಕಾಯುತ್ತ ಕಾಯುತ್ತ ಅವಳಿಗೆ ಊರಿನ ಲೆಕ್ಕದಲ್ಲಿ ಮದುವೆಯ ವಯಸ್ಸು ದಾಟುತ್ತ ಬಂದಿತ್ತು. ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ನೆನಪಿಲ್ಲ. ನಕಲಿ ಎನ್ನುತ್ತಾಳೆ.

"ಏ ನಕಲಿ, ಈ ಸಲ ಎಲ್ಲಿಂದ ಓಡಿಸಿದ್ರು?" ಎಂದಳು, ನಾನು ಚೀಲ ಇಳಿಸುವ ಮೊದಲೇ.

ಮಾವ ಚೀಲಕ್ಕೆ ಕೈ ಹಾಕಿದರು. ಒಂದು ಕಾಯಿ ತೆಗೆದು ಮುರಿದರು, ಮೂಸಿದರು, ಎಲೆ ಹೇಗಿರುತ್ತದೆ ಎಂದು ಕೇಳಿದರು. ಬನ್ನಿಯ ಹಾಗೆ ಎಂದಾಗ ಮುಖ ಸ್ವಲ್ಪ ಅರಳಿತು. ಅಮೀನಗಡದ ದಾರಿಗೆ ಹತ್ತಿದ ಅವರ ಕೆಂಪು ಮಣ್ಣಿನ ಮಸಾರಿ ಹೊಲಕ್ಕೆ ಬೇಲಿ ಇರಲಿಲ್ಲ. ಸಂತೆಗೆ ಹೋಗುವ ದನಗಳೆಲ್ಲ ಅಲ್ಲೊಂದು ಬಾಯಿ ಹಾಕಿಯೇ ಮುಂದೆ ಹೋಗುತ್ತಿದ್ದವು.

"ನೀ ಎಲ್ಲೂ ನಿಲ್ಲಂಗಿಲ್ಲ," ಎಂದರು ಮಾವ. "ನಿನ್ನ ಬೀಜನರ ನಿಲ್ತೈತೇನು ನೋಡೂನು. ನಾ ನನ್ನ ಕೈಲೆ ಊರ್ತೇನಿ. ಈ ಬೇಲಿ ಏಳಲಿ. ಬೇಲಿ ಎದ್ದ ವರ್ಷನ ನಿಮ್ಮಿಬ್ಬರ ತಲಿಮ್ಯಾಲ ಅಕ್ಕಿಕಾಳು ಹಾಕೂನು."

ಒಳಗೆ ಹಿಟ್ಟು ನಾದುತ್ತಿದ್ದವಳ ಬಳೆಯ ಸದ್ದು ನಿಂತಿತು. ನನಗೆ ಆ ಕ್ಷಣವೇ ಹೋಗಿ ಬೇಲಿ ಎದ್ದಿದೆಯೇ ನೋಡಿಬರಬೇಕೆನಿಸಿತು. ಇನ್ನೂ ಊರಿರಲೇ ಇಲ್ಲ.

ಕಾಯಿಯಿಂದ ಬೀಜ ಬಿಡಿಸುವ ಕೆಲಸ ನನಗೂ ಅವಳಿಗೂ ಬಂತು. ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿದರೆ ಕಾಯಿ ಮುದ್ದೆಯಾಗಿ ಒನಕೆಗೇ ಅಂಟಿಕೊಳ್ಳುತ್ತಿತ್ತು. ಅದರೊಳಗೆ ಬೀಜಕ್ಕೆ ಇನ್ನೊಂದು ಚರ್ಮದಂಥ ಚೀಲ. ಅದನ್ನೂ ಸೀಳಿದರೆ ಒಳಗೆ ಕಂದು ಬಣ್ಣದ, ಎಳ್ಳಿಗಿಂತ ದೊಡ್ಡ, ಎಣ್ಣೆ ಹಚ್ಚಿದಂತೆ ಹೊಳೆಯುವ ಒಂದು ಕಾಳು.

"ಅಬ್ಬಬ್ಬಾ! ರಾಣಿ ಪೆಟಾರಿಯೊಳಗ ಪೆಟಾರಿ ಇಟ್ಟಂಗ ಐತಿ," ಎಂದಳು. "ಇಷ್ಟು ಬಂದೋಬಸ್ತಿನಾಗ ಮಲಗಿದ್ದು ಏಳ್ತೈತೇನೋ?"

"ನಿಮ್ಮಪ್ಪನ ಕೈ ಐತೆಲ್ಲ."

"ಅಪ್ಪನ ಕೈ ಐತಿ. ತಂದಾವ ನೀ ಅದಿ. ಅದ ಅಂಜಿಕಿ."

ಅರ್ಧ ಚೀಲಕ್ಕೇ ನಮ್ಮ ರಟ್ಟೆ ಬಿದ್ದುಹೋದವು. ಬೇಲಿಗೆ ಇಷ್ಟು ಸಾಕೆಂದರು ಮಾವ. ಅದೇ ಹೊತ್ತಿಗೆ ಕುರಿಯವರು ಬಂದರು. ನಮ್ಮ ಕಡೆ ಮಳೆಗಿಂತ ಮೊದಲು ಕುರಿಹಿಂಡನ್ನು ಹೊಲದಲ್ಲಿ ಮಲಗಿಸುವ ರೂಢಿ ಇದೆ. ಹಿಕ್ಕೆಯೇ ಗೊಬ್ಬರ. ಮಾವನ ಎರೆ ಹೊಲ ಹಳ್ಳದ ಆಚೆ, ಊರಿಗೆ ದೂರ. ಹಿಂಗಾರಿ ಜೋಳಕ್ಕೆಂದು ಬಿಟ್ಟ ಕರಿ ಮಣ್ಣಿನ ಹೊಲ. ಮನೆಯ ಮಗಳಿಗಿಂತ ಹೆಚ್ಚು ಮುದ್ದು ಆ ಹೊಲಕ್ಕೆ ಎಂದು ಅವಳು ಅಣಕಿಸುತ್ತಿದ್ದಳು. ಅಲ್ಲಿ ಹಿಂಡು ಇಳಿಯಿತು. ಹಿಂಡಿಗೆ ಏನಾದರೂ ಉಣ್ಣಿಸದೆ ಮಲಗಿಸುವುದು ಮಾವನ ಮರ್ಯಾದೆಗೆ ಕಡಿಮೆ. ಉಳಿದ ಅರ್ಧ ಚೀಲ ಜಾಲಿಕಾಯಿಯನ್ನು ಹೊತ್ತೊಯ್ದು, ತಾವೇ ಹಿಡಿ ಹಿಡಿಯಾಗಿ ಕುರಿಗಳ ಮುಂದೆ ಚೆಲ್ಲಿದರು. ಕುರಿಗಳು ಒಂದರ ಮೇಲೊಂದು ಬಿದ್ದು ತಿಂದವು.

ನಾನು ಸುಮ್ಮನಿರಲಾರದೆ ತಾಯಿಕುರಿಯ ದನಿಯಲ್ಲಿ ಒಮ್ಮೆ ಕೂಗಿದೆ. ಮರಿಯೊಂದು ಓಡಿ ಬಂದು ನನ್ನ ಮೊಣಕಾಲಿಗೆ ಹಾಲು ಹುಡುಕತೊಡಗಿತು.

"ಯಜಮಾನ್ರ, ಈ ತಮ್ಮನ್ನ ನಮಗ ಕೊಟ್ಟುಬಿಡ್ರಿ," ಎಂದ ಮುದಿ ಕುರುಬ. "ತಾಯಿ ಸತ್ತ ಮರಿ ಭಾಳ ಅದಾವ."

"ಒಯ್ಯಿ. ಮೇಯಾಕ ಮಾತ್ರ ನೀನ ಹಾಕಬೇಕು," ಎಂದರು ಮಾವ. ಅಂದು ಅವರು ನಕ್ಕಿದ್ದು ನೆನಪಿದೆ. ಆಮೇಲೆ ಬಹಳ ದಿನ ನಗಲಿಲ್ಲ.

ರೋಹಿಣಿ ಮಳೆ ಬಿತ್ತು. ಮಸಾರಿ ಹೊಲದ ಸುತ್ತ ಮಾವ ಗೆರೆ ಹೊಡೆದು, ಬಗ್ಗಿ ಬಗ್ಗಿ, ಒಂದೊಂದೇ ಕಾಳು ಊರಿದರು. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ಮಾವ ಊರುತ್ತಾರೆಂದರೆ ಅದು ನೋಡುವಂಥದ್ದೇ: ಕೈ ಮಣ್ಣಿನ ಹತ್ತಿರ ಹೋಗಿ ಒಂದು ಗಳಿಗೆ ನಿಲ್ಲುತ್ತದೆ, ಏನೋ ಕೇಳಿಸಿಕೊಳ್ಳುವಂತೆ, ಆಮೇಲೆ ಬೆರಳು ಬಿಡುತ್ತದೆ.

ಮರುದಿನ ಬೆಳಿಗ್ಗೆಯೇ ಹೋಗಿ ನೋಡಿದೆ. ಅದರ ಮರುದಿನವೂ. ಹುಲ್ಲು ಎದ್ದಿತು, ಗರಿಕೆ ಎದ್ದಿತು, ಯಾರೂ ಕರೆಯದ ಉತ್ತರಾಣಿ ಎದ್ದಿತು. ಜಾಲಿ ಏಳಲಿಲ್ಲ. ನನ್ನ ಕೈ ಸುಮ್ಮನಿರಬೇಕಲ್ಲ? ಒಂದು ಕಡ್ಡಿಯಿಂದ ಕೆದರಿದೆ. ಕಾಳು ಇಟ್ಟಲ್ಲೇ ಇತ್ತು. ಉಬ್ಬಿರಲಿಲ್ಲ, ಕೊಳೆತಿರಲಿಲ್ಲ, ಒರಳಿನಿಂದ ಈಗ ತಾನೇ ಬಿದ್ದಂತೆ ಹೊಳೆಯುತ್ತಿತ್ತು. ಹಲ್ಲಿಗಿಟ್ಟು ಕಚ್ಚಿದೆ. ಹಲ್ಲಿನ ಮೂಲೆ ಹೋಯಿತು, ಕಾಳಿಗೆ ಏನೂ ಆಗಲಿಲ್ಲ. ತಿರುಗಿ ಹುಗಿದೆ. ಎರಡು ದಿನ ಬಿಟ್ಟು ಮತ್ತೆ ಕೆದರಿದೆ. ಅದು ಹಾಗೇ ಇತ್ತು. ನನಗೆ ಅದರ ಮೇಲೆ ಹೊಟ್ಟೆಕಿಚ್ಚು ಬರತೊಡಗಿತು. ಅಪ್ಪ ಇದನ್ನು ನೋಡಿದ್ದರೆ ಮಗನೆಂದು ಸಾಕಿಕೊಂಡು ಕುಣಿಗೆ ಇಳಿಸುತ್ತಿದ್ದ.

ಮನೆಯಲ್ಲಿ ನಗಿಸೋಣವೆಂದು ಬೀಜದ ನಕಲು ಮಾಡಿದೆ. ಮೊಣಕಾಲು ಎದೆಗೆ ಸೇರಿಸಿ, ತಲೆ ತಗ್ಗಿಸಿ, ಕಂಬಳಿ ಹೊದ್ದು ಕೂತೆ.

"ಏಳು," ಎಂದಳು ಅವಳು.

"ಇವತ್ತ ಆಗಂಗಿಲ್ಲ."

"ನಾಳಿ ಏಳತೀಯೇನು?"

"ನೋಡೂನು. ಮನಸಾದ್ರ."

ಅವಳು ನೀರಿನ ತಂಬಿಗೆ ನನ್ನ ತಲೆಯ ಮೇಲೆ ಬೋರಲು ಹಾಕಿದಳು. ನಾನು ಎದ್ದುಬಿಟ್ಟೆ. "ನೋಡು, ನೀ ಒಂದು ಕಾಳಿನ ನಕಲೂ ಸರಿ ಮಾಡಂಗಿಲ್ಲ," ಎಂದಳು. ಪಡಸಾಲೆಯಲ್ಲಿ ಕೂತಿದ್ದ ಮಾವ ಮಾತ್ರ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು.

ಊರಿನವರಿಗೆ ಬೇರೆ ಏನು ಬೇಕು. ಸಂತೆಗೆ ಹೋಗುವವರು ಗಟ್ಟಿಯಾಗಿ ಹೇಳಿಕೊಂಡು ಹೋದರು: "ಬೇಲಿ ಜೋರ ಎದ್ದೈತಿ ನೋಡಲೇ, ನಿಮ್ಮ ಆಕಳ ಸಿಕ್ಕೊಂಡೀತು!" ಅವರ ಆಕಳು ಹೊಲದ ನಡುವೆ ನಿಂತು ಮೇಯುತ್ತಿತ್ತು. ಮೊದಲು ಹಾಸ್ಯ, ಆಮೇಲೆ ಪಿಸುಮಾತು. ಮಾವನ ಕೈ ಹೋಯಿತಂತೆ. ವಯಸ್ಸಾಯಿತಲ್ಲ. ಕೈ ಎಂಬುದು ಹಾಗೆಯೇ, ಒಬ್ಬರಲ್ಲಿ ಇದ್ದಷ್ಟು ದಿನ ಇರುತ್ತದೆ.

ಮಿರಗ ಹುಟ್ಟಿ ಮಳೆ ಹದವಾಯಿತು. ಬಿತ್ತಿಗೆಯ ದಿನ ಮಾವ ಬೆಳಿಗ್ಗೆಯೇ ಮಿಂದು, ಒಗೆದ ಧೋತರ ಉಟ್ಟು, ರುಮಾಲು ಸುತ್ತಿ ಕಟ್ಟೆಯ ಮೇಲೆ ಕೂತರು. ಕೂರಿಗೆ ಹೊತ್ತವರು ಬೀದಿಯಲ್ಲಿ ಹೋದರು. ಒಬ್ಬ, "ಆರಾಮ ಅದೀರಿ, ಕಾಕಾ?" ಎಂದ. ಮಾವ, "ಆರಾಮ ಅದೇನಿ," ಎಂದರು. ಅವನು ಹೋದ. ಯಾರೂ ನಿಲ್ಲಲಿಲ್ಲ. ಬಿಸಿಲು ಕಟ್ಟೆಗೆ ಬಂತು, ಮಾವ ಏಳಲಿಲ್ಲ. ಮೊದಲ ಹಿಡಿ ಬಿಡಲು ಕೆಳಗಿನ ಓಣಿಯವನೊಬ್ಬನನ್ನು ಕರೆದರಂತೆ ಎಂದು ಸುದ್ದಿ ಬಂತು.

ನನಗೆ ಕಾಲು ನಿಲ್ಲದು. ಒಳಗೆ ಹೋದೆ, ಹೊರಗೆ ಬಂದೆ, ಹಿತ್ತಲಿಗೆ ಹೋದೆ. ಕೊನೆಗೆ ತಡೆಯಲಾರದೆ ಕೆಳಗಿನ ಓಣಿಯವನ ನಕಲು ಮಾಡತೊಡಗಿದೆ: ಅವನು ಒಂದು ಹಿಡಿ ಬೀಜಕ್ಕೆ ಎರಡೂ ಕೈ ಹಚ್ಚುವುದು, ಬಟ್ಟಲಿಗೆ ಬಿಡುವಾಗ ಅರ್ಧ ತನ್ನ ಜೇಬಿನತ್ತ ಹೋಗುವುದು. ಮಾವ ನೋಡಲಿಲ್ಲ.

"ಅವಂದು ಸಾಕು," ಎಂದರು. "ನಂದು ಮಾಡು."

"ನಿಮ್ಮದು ಬರಂಗಿಲ್ಲ, ಮಾವಾ."

"ಎಲ್ಲಾರದೂ ಬರ್ತೈತಿ ನಿನಗ. ಮಾಡು."

ಮಾಡಿದೆ. ಅಂಗಳದಲ್ಲಿ ಬೆನ್ನು ನೆಟ್ಟಗೆ ಮಾಡಿ ನಿಂತೆ, ಇಲ್ಲದ ಬೀಜ ಹಿಡಿಯಲ್ಲಿ ಹಿಡಿದೆ, ಇಲ್ಲದ ಕೂರಿಗೆಯ ಮೇಲೆ ಕೈ ಒಯ್ದೆ. ಅಲ್ಲಿ ಒಂದು ಗಳಿಗೆ ನಿಲ್ಲಿಸಿದೆ. ಆಮೇಲೆ ಬೆರಳು ಬಿಟ್ಟೆ. ನಾನು ಮಾಡಿದ ನಕಲುಗಳಲ್ಲಿ ಯಾರೂ ನಗದೇ ಇದ್ದದ್ದು ಅದೊಂದೇ.

"ನಾ ಹಂಗ ನಿಲ್ಲಿಸ್ತೇನೇನು ಕೈ?" ಎಂದು ಮಾವ ಕೇಳಿದರು.

"ಹೌದ್ರಿ."

"ಅಷ್ಟು ನಿಂತೂ ಏಳಲಿಲ್ಲಲ್ಲೋ." ಆಮೇಲೆ ತಗ್ಗಿದ ದನಿಯಲ್ಲಿ, ಬಾಗಿಲ ಹಿಂದೆ ಮಗಳಿದ್ದಾಳೆ ಎಂದು ಗೊತ್ತಿದ್ದೂ ಹೇಳಿದರು: "ಅಕ್ಕಿಕಾಳು ಹಾಕೂದೂ ಇದ ಕೈಲೆ. ಬೀಜ ಏಳದ ಕೈಲೆ ಮಗಳ ತಲಿಮ್ಯಾಲ ಕಾಳು ಹಾಕಂಗಿಲ್ಲ ನಾ. ಬ್ಯಾರೆ ಕಡೆ ನೋಡಂತ ನಿಮ್ಮವ್ವಗ ಹೇಳು."

ಮರುದಿನ ಬಾದಾಮಿಗೆ ಓಡಿದೆ. ಕಚೇರಿಯ ಬಾಗಿಲಲ್ಲಿ ಸಾಹೇಬರು ನನ್ನನ್ನು ನೋಡಿ ಕೆಮ್ಮಿದರು. ನಾನು ಕೆಮ್ಮಲಿಲ್ಲ, ಆ ಸಂಯಮಕ್ಕೆ ಯಾರಾದರೂ ಬಹುಮಾನ ಕೊಡಬೇಕಿತ್ತು.

"ಏಳಲಿಲ್ಲೇನು? ಎಲ್ಲಿ ಏಳ್ತಾವ," ಎಂದರು. "ಆ ಸಿಪ್ಪಿ ಗಾಜಿನಂಗ ಅದ. ನೀರು ಒಳಗ ಬಿಡಂಗಿಲ್ಲ. ಒಳಗ ಜೀವ ಅದ, ಖರೆ ಮಲಗ್ಯದ. ಕುದಿಯೂ ನೀರು ಹಾಕಿ, ಆರಿಸಿ, ರಾತ್ರಿಯೆಲ್ಲಾ ನೆನಸಿ ಹಾಕಬೇಕು. ಇಲ್ಲಾಂದ್ರ ತನಗ ಬೇಕಾದಾಗ ಒಂದೊಂದ ಏಳ್ತದ. ಇವತ್ತೊಂದು, ಬರೂ ವರ್ಷ ಒಂದು, ನೀ ಮುದುಕ ಆದಮ್ಯಾಲ ಒಂದು."

"ಮೊದಲ ಯಾಕ ಹೇಳಲಿಲ್ರೀ ಸಾಹೇಬ್ರ?"

"ನೀ ಕೇಳಿದ್ದೇನು? ನನ್ನ ಕೆಮ್ಮು ಕಲಿಯೂದ್ರಾಗ ಇದ್ದಿ."

ರೈಲಿನಲ್ಲಿ ಕೂರದೆ ಬಾಗಿಲ ಹತ್ತಿರ ನಿಂತೇ ಬಂದೆ. ಊರು ಮುಟ್ಟಿದವನೇ ಹೇಳಿದೆ: ಬೇಲಿಗೆ ಊರಿ ಮಿಕ್ಕ ಬೀಜ ತೆಗೆಯಿರಿ, ನೀರು ಕುದಿಸಿರಿ. ಮಾವ ನನ್ನ ಮುಖ ನೋಡಿದರು.

"ಜೀವ ಐತಿ ಅಂತೀ?"

"ಐತ್ರಿ. ಮಲಗೈತಿ."

"ಜೀವ ಇದ್ದದ್ದರ ಮ್ಯಾಲ ಕುದಿಯೂ ನೀರು ಹಾಕು ಅಂತೀಯಲ್ಲೋ! ಮಲಗಿದ ಕೂಸನ್ನ ಹಂಗ ಎಬ್ಬಸ್ತಾರೇನು? ನನ್ನ ಮನ್ಯಾಗ ಬೀಜಕ್ಕ ಬಿಸಿನೀರು ಬೀಳಂಗಿಲ್ಲ."

ಮಾತು ಮುಗಿಯಿತು. ನಾನು ಮಾತ್ರ ಮುಗಿಸಲಿಲ್ಲ. ಮಾವ ಹೊರಗೆ ಹೋದಾಗ ಒಲೆಯ ಮೇಲೆ ಗಡಿಗೆ ಇಟ್ಟೆ, ಬೀಜದ ಗಂಟು ಬಿಚ್ಚಿದೆ. ಅವಳು ಬಂದು ಗಡಿಗೆಯನ್ನೂ ನೋಡಿದಳು, ಗಂಟನ್ನೂ ನೋಡಿದಳು.

"ಗೊತ್ತಿಲ್ಲದಂಗ ಊರಿ ಬರ್ತೇನಿ," ಎಂದೆ. "ವಾರದಾಗ ಏಳ್ತಾವ. ಯಾರಿಗೆ ತಿಳೀತೈತಿ?"

"ನನಗ ತಿಳೀತೈತಿ. ಆವಾಗ ಎದ್ದದ್ದು ಅಪ್ಪನ ಕೈ ಅಲ್ಲ, ನಿನ್ನ ಗಡಿಗಿ. ಆತ ಅದನ್ನ ನಂಬಿ ನನ್ನ ತಲಿಮ್ಯಾಲ ಕಾಳು ಹಾಕಬೇಕು, ನಾ ತಲಿ ಬಾಗಸಬೇಕು. ಒಲ್ಲೆ." ಒಲೆಯ ಕಟ್ಟಿಗೆ ಹಿಂದಕ್ಕೆಳೆದಳು. "ಬೇಕಾದ್ರ ಆ ನೀರಾಗ ನೀ ಜಳಕಾ ಮಾಡು. ನಿನಗರ ಒಂದಿಷ್ಟು ಬುದ್ಧಿ ಎದ್ದೀತು."

ಹಾಗೆ ಆಷಾಢ ಹೋಯಿತು. ನಾನು ಇಳಕಲ್ಲಿಗೆ ಹೋಗುತ್ತೇನೆಂದು ದಿನಾ ಗಂಟು ಕಟ್ಟುವುದು, ಸಂಜೆ ಬಿಚ್ಚುವುದು. ಹೋದರೆ ಅವ್ವನಿಗೆ ಆ ಮಾತು ಹೇಳಬೇಕು. ಹೇಳಿದರೆ ಅದು ಖಾಯಂ ಆಗುತ್ತದೆ. ಇದ್ದರೆ ಮಾವನ ಮುಖ ನೋಡಬೇಕು. ಇರಲೂ ಆಗದು, ಹೋಗಲೂ ಆಗದು. ಮಣ್ಣೊಳಗಿನ ಆ ಕಾಳು ಮಾತ್ರ ಆರಾಮವಾಗಿ ಮಲಗಿತ್ತು.

ಶ್ರಾವಣ ಹತ್ತಿರ ಬಂದಾಗ, ಎರೆ ಹೊಲಕ್ಕೆ ಕುಂಟೆ ಹೊಡೆಯುವ ಮೊದಲು ಹಳ್ಳದ ಆಚೆ ಹಸಿ ಎಷ್ಟಿದೆ ನೋಡಿ ಬಾ ಎಂದು ಮಾವ ನನ್ನನ್ನು ಕಳಿಸಿದರು. ಅವಳು ಹುಲ್ಲಿಗೆಂದು ಕುಡಗೋಲು ಹಿಡಿದು ಸ್ವಲ್ಪ ಹಿಂದೆ ಬಂದಳು. ಹಳ್ಳ ಇಳಿದು ಮೇಲೆ ಹತ್ತಿದವನು ಅಲ್ಲೇ ನಿಂತೆ. ಹೊಲದ ನಟ್ಟನಡುವೆ, ಕುರಿ ಮಲಗಿದ್ದ ಜಾಗದಲ್ಲಿ, ಹಸಿರು ಕಂಬಳಿ ಹಾಸಿದಂತೆ ಇತ್ತು. ಹುಲ್ಲಲ್ಲ. ಬನ್ನಿಯಂಥ ಎಲೆ. ಗೇಣುದ್ದ ಎದ್ದು, ಆಗಲೇ ಎಳೆ ಮುಳ್ಳು ಬಿಟ್ಟಿದ್ದವು.

ನಾನು ಕೂತೆ. ಯಾರೂ ಹೇಳದೆ ಕೂತದ್ದು ಅದೇ ಮೊದಲು. ಒಂದು ಸಸಿ ಕಿತ್ತೆ. ಬೇರಿನ ಕುತ್ತಿಗೆಗೆ ಮಳೆಯಲ್ಲಿ ನೆಂದು ಒಡೆದ ಕುರಿಹಿಕ್ಕೆ ಇನ್ನೂ ಅಂಟಿಕೊಂಡಿತ್ತು. ಅವಳು ಬಂದು ನನ್ನ ಕೈಯಿಂದ ಕಸಿದುಕೊಂಡು ನೋಡಿದಳು. ನೋಡಿ ನೋಡಿ ಅವಳ ಕಣ್ಣು ದೊಡ್ಡವಾದವು.

"ನಕಲಿ," ಎಂದಳು. "ಕುರಿಗೆ ಕಾಯಿ ಹಾಕಿದವರು ಯಾರು?"

"ನಿಮ್ಮಪ್ಪ."

"ಯಾವ ಕೈಲೆ?"

ಅವಳು ಕುಡಗೋಲು ಅಲ್ಲೇ ಬಿಟ್ಟು ಊರ ಕಡೆ ಓಡಿದಳು. ಸೀರೆ ಎತ್ತಿ ಹಿಡಿದು ಹಾಗೆ ಓಡುವುದನ್ನು ನಾನು ಆಮೇಲೆ ಎಷ್ಟೋ ಸಲ ನಕಲು ಮಾಡಿದ್ದೇನೆ. ಪ್ರತಿ ಸಲವೂ ಪೆಟ್ಟು ತಿಂದಿದ್ದೇನೆ.

ಮಾವ ಬಂದರು. ಹೊಲದ ಬದುವಿನ ಮೇಲೆ ನಿಂತರು. ತಮ್ಮ ಜೀವದಂಥ ಎರೆಯ ತುಂಬ ಮುಳ್ಳು ಎದ್ದದ್ದನ್ನು ನೋಡಿದ ಯಾವ ಒಕ್ಕಲಿಗನಾದರೂ ಎದೆ ಬಡಿದುಕೊಳ್ಳಬೇಕು. ನಾನು ಓಡಲು ಸಿದ್ಧನಾಗಿಯೇ ಇದ್ದೆ. ಮಾವ ನಡುವಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತು ಒಂದು ಸಸಿ ಕಿತ್ತರು, ಬೇರಿಗಂಟಿದ ಹಿಕ್ಕೆಯನ್ನು ಬೆರಳಲ್ಲಿ ತಿಕ್ಕಿದರು, ಇನ್ನೊಂದು ಕಿತ್ತರು.

"ಇಷ್ಟೂ ಎದ್ದಾವಲ್ಲೋ," ಎಂದರು.

"ಕುರಿ ಹೊಟ್ಟ್ಯಾಗ ಸಾಹೇಬರ ಬಿಸಿನೀರು ಐತಿ ಕಾಣ್ತೈತ್ರಿ, ಮಾವಾ," ಎಂದೆ, ದೂರದಿಂದಲೇ.

"ಕುರಿ ಹೊಟ್ಟಿ ಇರವಲ್ದ್ಯಾಕ, ಮತ್ತೊಂದ ಇರವಲ್ದ್ಯಾಕ. ಚೆಲ್ಲಿದಾವ ಯಾರು?" ಎಂದು ಮಗಳ ಕಡೆ ತಿರುಗಿದರು. "ನೀನ ಹೇಳು. ಚೆಲ್ಲಿದಾವ ಯಾರು?"

"ನೀ, ಅಪ್ಪಾ."

ಮಾವ ಬಲಗೈ ಎತ್ತಿ, ಬೆಳಕಿಗೆ ಹಿಡಿದು ನೋಡಿದರು. ಸಂಜೆಯ ಹೊತ್ತಿಗೆ ಊರಿನ ಅರ್ಧ ಗಂಡಸರನ್ನು ಹಳ್ಳ ದಾಟಿಸಿ ಕರೆತಂದಿದ್ದರು. ತನ್ನ ಹೊಲ ಹಾಳಾದದ್ದನ್ನು ಹೀಗೆ ಕರೆದು ಕರೆದು ತೋರಿಸಿದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ಕೆಳಗಿನ ಓಣಿಯವನೂ ಬಂದಿದ್ದ. ಅವನು ಬಗ್ಗಿ ನೋಡಿ, "ಕಾಕಾ, ನಿಮ್ಮ ಕೈಗೆ ನಮಸ್ಕಾರ. ನಮ್ಮ ಹೊಲದ ಕಡೆ ಮಾತ್ರ ಬರಬ್ಯಾಡ್ರಿ," ಎಂದ. ಎಲ್ಲರೂ ನಕ್ಕರು. ಮಾವನೂ ನಕ್ಕರು. ಎಲ್ಲರಿಗಿಂತ ಗಟ್ಟಿಯಾಗಿ.

ಇನ್ನೇನು ಅಕ್ಕಿಕಾಳು ಬಿದ್ದವು ಎಂದುಕೊಂಡೆ. ಮಾವ ಹಾಗೆ ಬಿಡುವವರಲ್ಲ.

"ಬೀಜ ತಂದಾವ ನೀ. ಈ ಎರಿ ಸ್ವಚ್ಛ ಆಗಲಿ. ಒಂದೂ ಉಳೀಬಾರ್ದು. ಆಮ್ಯಾಲ ಕಾಳು."

ಕೀಳಲು ಕೂತೆ. ಜಾಲಿಯ ಬೇರು ಮೇಲಿನ ಗಿಡಕ್ಕಿಂತ ಉದ್ದ. ಅರ್ಧಕ್ಕೆ ಹರಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಅಂಗೈ ತುಂಬ ಮುಳ್ಳು. ಕೊನೆಗೊಮ್ಮೆ ಹೊಲ ಕರ್ರಗಾಯಿತು. ಮಾವನನ್ನು ಕರೆತಂದು ತೋರಿಸುವ ಮೊದಲೇ ಒಂದು ಮಳೆ ಬಂತು. ಎರಡು ದಿನ ಬಿಟ್ಟು ನೋಡಿದರೆ ಅಲ್ಲಲ್ಲಿ ಹೊಸ ಎಲೆ ಜೋಡಿ. ಮತ್ತೆ ಕಿತ್ತೆ. ಮತ್ತೆ ಮಳೆ. ಎಲ್ಲ ಕಾಳೂ ಕುರಿಯ ಹೊಟ್ಟೆಯಲ್ಲಿ ಒಂದೇ ಸಮ ಮೆತ್ತಗಾಗಿರಲಿಲ್ಲ ಎಂದು ಕಾಣುತ್ತದೆ. ಕೆಲವು ಇನ್ನೂ ಬಂದೋಬಸ್ತಿನಲ್ಲೇ ಮಲಗಿದ್ದವು, ಒಂದೊಂದು ಮಳೆಗೆ ಒಂದೊಂದು ಕಣ್ಣು ಬಿಡುತ್ತಿದ್ದವು. ಅತ್ತ ಮಸಾರಿಯ ಬೇಲಿಸಾಲಿನಲ್ಲೂ ಒಂದು ಎದ್ದಿತು. ಒಂದೇ. ಸಂತೆಯ ದನವೊಂದು ಅದನ್ನೂ ಮೂಸಿ ಹೋಯಿತು.

ಆಗ ಅವಳೇ ಮಾವನ ಮುಂದೆ ನಿಂತಳು. ನಮ್ಮ ಕಡೆ ಹುಡುಗಿ ತನ್ನ ಮದುವೆಯ ಮಾತು ತಾನು ಎತ್ತುವುದಿಲ್ಲ. ಅವಳು ಮದುವೆಯ ಮಾತು ಎತ್ತಲೂ ಇಲ್ಲ. ಕೃಷಿಯ ಮಾತೇ ಆಡಿದಳು.

"ಅಪ್ಪಾ, ಈ ಜಾಲಿ ಮುಗಿಯೂದಲ್ಲ. ಈಗ ಎದ್ದದ್ದು ಕಿತ್ತೇವು, ಏಳದ್ದನ್ನ ಹ್ಯಾಂಗ ಕೀಳೂದು? ಇದು ಪೂರಾ ಏಳಲಿ ಅಂತ ಕಾದ್ರ, ಅಕ್ಕಿಕಾಳು ನಿನ್ನ ಮೊಮ್ಮಕ್ಕಳು ಹಾಕಬೇಕಾಕ್ಕೈತಿ." ಒಂದು ಕ್ಷಣ ನಿಂತು, "ಮೊಮ್ಮಕ್ಕಳು ಎಲ್ಲಿಂದ ಬರ್ತಾರ ಅದೂ ಒಂದು ವಿಚಾರ ಮಾಡು," ಎಂದು ಒಳಗೆ ಹೋದಳು.

ಮಾವ ನನ್ನ ಮುಖ ನೋಡಿದರು. ನಾನು ಎಂದಿಲ್ಲದಂತೆ ಯಾರ ನಕಲೂ ಮಾಡದೆ ನಿಂತಿದ್ದೆ.

ಜೋಳದ ಬಿತ್ತಿಗೆ ಮುಗಿದ ಮೇಲೆ ನಮ್ಮ ಮದುವೆಯಾಯಿತು. ನಡುವೆ ಹಿಡಿದ ಅಂತರಪಟ ಸರಿಯಿತು, ವಾದ್ಯ ಜೋರಾಯಿತು, ಸುತ್ತಲಿದ್ದವರೆಲ್ಲ ಕಾಳು ಎಸೆದರು. ಕೆಲವರು ನನ್ನ ಕಣ್ಣಿಗೇ ಗುರಿಯಿಟ್ಟು ಹಳೆಯ ಬಾಕಿಯೆಲ್ಲ ತೀರಿಸಿಕೊಂಡರು. ಮಾವ ಕೊನೆಗೆ ಬಂದರು. ಹಿಡಿ ತುಂಬ ಅಕ್ಕಿ. ಆ ಕೈ ನಮ್ಮ ತಲೆಗಳ ಮೇಲೆ ಬಂದು, ಏನೋ ಕೇಳಿಸಿಕೊಳ್ಳುವಂತೆ, ಒಂದು ಗಳಿಗೆ ನಿಂತಿತು. ಬಹಳ ಹೊತ್ತು ನಿಂತಿತು. ನನಗೆ ಮೈಯೆಲ್ಲ ಇರುವೆ ಹರಿದಂತಾಗಿ ತಲೆ ಎತ್ತಿ ನೋಡಹೋದೆ.

"ಅಲುಗಾಡಬ್ಯಾಡ," ಎಂದಳು ಅವಳು, ತುಟಿ ಅಲುಗಿಸದೆ. "ಊರಾಕತ್ತಾನ."

ಬೆರಳು ಬಿಟ್ಟವು.

ಇದಾಗಿ ಕೆಲವು ಮಳೆಗಾಲ ಕಳೆದಿವೆ. ನಾನೀಗ ಮಾವನ ಮನೆಯಲ್ಲೇ ಇದ್ದೇನೆ. ಕುಣಿಗೆ ಇಳಿಯದವನಿಗೆ ಒಕ್ಕಲುತನವೇ ಸರಿ, ಅದರಲ್ಲಿ ಓಡಾಡಲು ಜಾಗವಿದೆ. ಮಿರಗದ ಬಿತ್ತಿಗೆಗೆ ಜನ ಮತ್ತೆ ಮಾವನ ಬಾಗಿಲಿಗೆ ಬರುತ್ತಾರೆ. ಕೈ ತೊಳೆದು ಬನ್ನಿ ಎಂದು ಮಾತ್ರ ಹೇಳುತ್ತಾರೆ. ಬಾದಾಮಿಯ ಗುಡ್ಡಗಳ ಬುಡದಲ್ಲಿ ಸಾಹೇಬರ ಜಾಲಿ ಹಸಿರಾಗಿ ಹಬ್ಬಿದೆ ಎನ್ನುತ್ತಾರೆ. ಅವರು ಬಿತ್ತಿದ ಕಡೆಯೂ ಇದೆಯಂತೆ, ಬಿತ್ತದ ಕಡೆಯೂ ಇದೆಯಂತೆ. ನಮ್ಮ ಬೇಲಿಸಾಲಿನಲ್ಲಿ ವರ್ಷಕ್ಕೆ ಒಂದೆರಡು ಏಳುತ್ತವೆ, ತಮ್ಮ ಮನಸ್ಸಿಗೆ ಬಂದಾಗ. ಎರೆಯಲ್ಲಿ ಮಾತ್ರ ಪ್ರತಿ ಮಳೆಗೂ.

ನಿನ್ನೆ ರಾತ್ರಿ ಮಳೆಯಾಗಿದೆ. ಈಗ ಹಳ್ಳದ ಕಡೆಯಿಂದ ಕೂಗು ಕೇಳುತ್ತಿದೆ: "ಏ ನಕಲಿ, ಬಾ ಇಲ್ಲಿ, ಮತ್ತ ಎದ್ದಾವ ನೋಡು!" ನಾನು ಎದ್ದೆ.